ಪಕ್ಕದಲ್ಲೊಬ್ಬರು ನಿಲ್ಲಬೇಕು

ನಿಮ್ಮ ಮನೆಯ ಅಕ್ಕಿ ಡಬ್ಬದಲ್ಲಿ ಏನಿದೆ ಎಂದು ಕೇಳಿದರೆ ಅಕ್ಕಿ ಇದೆ ಅಂತೀರಿ. ಪುಣ್ಯವಂತರು. ನಾನು ಇವತ್ತು ಬೆಳಿಗ್ಗೆ ನನ್ನ ಡಬ್ಬದೊಳಕ್ಕೆ ಮೊಣಕೈವರೆಗೆ ಕೈ ಇಳಿಸಿ, ಹಳೇ ಬನಿಯನ್ನಿನಲ್ಲಿ ಸುತ್ತಿಟ್ಟ ಒಂದು ಕ್ಯಾಮೆರಾ ಹೊರಗೆ ತೆಗೆದೆ. ಮಳೆಗಾಲ ಹಿಡಿಯಿತೆಂದರೆ ನಮ್ಮ ವನಗೂರಿನ ಕಡೆ ಚಪ್ಪಲಿಗೆ, ಬೆಲ್ಟಿಗೆ, ದೇವರ ಪಟಕ್ಕೆ ಎಲ್ಲಕ್ಕೂ ಬೂಷ್ಟು ಬರುತ್ತದೆ. ಲೆನ್ಸಿನ ಗಾಜನ್ನೂ ಅದು ಬಿಡುವುದಿಲ್ಲ. ಅಕ್ಕಿಯೊಳಗೆ ಹೂತರೆ ತೇವ ಹಿಡಿಯುವುದಿಲ್ಲ ಎಂದು ಯಾರೋ ಹೇಳಿದ್ದರು. ನೆಂಟರು ಬಂದರೆ ಇರಲಿ ಎಂದು ತುಂಬಿಸಿಟ್ಟ ದೊಡ್ಡ ಡಬ್ಬ ಅದು. ಕಾಫಿ ತೋಟದ ಲೆಕ್ಕ ಬರೆಯುವ, ಮದುವೆಯಾಗದ ಎಸ್ಟೇಟ್ ರೈಟರನ ಮನೆಗೆ ಯಾವ ನೆಂಟರು ಬರುತ್ತಾರೆ? ಎರಡು ವರ್ಷದಿಂದ ತಳ ಮುಟ್ಟಿರಲಿಲ್ಲ. ಅಕ್ಕಿಗೆ ಹುಳ ಬಿದ್ದಿತ್ತು, ಕ್ಯಾಮೆರಾ ಮಾತ್ರ ಸುಖವಾಗಿತ್ತು.

ಅದು ಅಲ್ಲಿರುವುದು ಮರೆತೇಹೋಗಿತ್ತು, ಅಕಸ್ಮಾತ್ ಸಿಕ್ಕಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಸುಳ್ಳು. ಗೊತ್ತಿದ್ದೇ ಕೈ ಹಾಕಿದೆ. ನಿನ್ನೆ ಸಂಜೆ ಬಾಳ್ಳುಪೇಟೆಯಿಂದ ಭಾವ ಎಸ್ಟೇಟ್ ಆಫೀಸಿಗೆ ಫೋನ್ ಮಾಡಿದ್ದರು. ನನ್ನ ಭಾವ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿರುವ ಮನುಷ್ಯ, ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಖರ್ಚು ಮಾಡುವವರಲ್ಲ. ನಿನ್ನೆಯೂ ಮಾಡಲಿಲ್ಲ.

"ನಿಮ್ಮಕ್ಕಂಗೆ ಮತ್ತೆ ಕಾಣಿಸ್ಕಂಡೈತಂತೆ ಕಣಪ್ಪ. ಈ ಸಲ ಲಿವರ್‌ನಾಗೆ. ಬರೋ ವಾರದಿಂದ ಮತ್ತೆ ಸೂಜಿ." ಆಮೇಲೆ, "ಕ್ಯಾಮೆರಾ ತತ್ತಾನಾ ಕೇಳಿ ಅಂದ್ಳು" ಎಂದರು.

ಈ ಕೊನೆಯ ಮಾತು ಏನೆಂದು ನಿಮಗೆ ತಿಳಿಯಬೇಕಾದರೆ ಅಕ್ಕನ ವಿಚಾರ ಹೇಳಬೇಕು. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಐದು. ಅಲ್ಲಿಂದಾಚೆಗೆ ನನಗೆ ಉಣ್ಣಿಸಿದ್ದು, ಬಡಿದದ್ದು, ಸ್ಲೇಟು ಒರೆಸಿದ್ದು ಎಲ್ಲ ಅವಳೇ. ಮದುವೆಯಾಗಿ ಬಾಳ್ಳುಪೇಟೆಗೆ ಹೋದ ಮೇಲೆ ಹೆದ್ದಾರಿ ಪಕ್ಕದ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟಳು. ಆ ಕಡೆಯ ಹೆಂಗಸರ ರವಿಕೆಗಳೆಲ್ಲ ಅವಳ ಕೈಯಲ್ಲೇ ಆದವು. ಅಳತೆ ತೆಗೆಯುತ್ತ ಬಂದವರನ್ನು ಬೈಯುತ್ತಿದ್ದಳು. "ಹೋದ ವರ್ಷದ ಅಳತೇಲೇ ಹೊಲಿ ಅಂತೀಯಲ್ಲ, ನೀನು ಹೋದ ವರ್ಷದಷ್ಟೇ ಇದ್ದೀಯೇನವ್ವ?" ಬೈಸಿಕೊಂಡವರು ಮುಂದಿನ ಹಬ್ಬಕ್ಕೆ ಮತ್ತೆ ಬರುತ್ತಿದ್ದರು.

ನನಗೆ ಹೆಣ್ಣು ಹುಡುಕುವ ಕಾಲದಲ್ಲಿ ಅವಳೇ ನನ್ನನ್ನು ಸ್ಟುಡಿಯೋಕ್ಕೆ ಎಳೆದುಕೊಂಡು ಹೋಗಿ ಫೋಟೋ ತೆಗೆಸಿದ್ದಳು. ಸ್ಟುಡಿಯೋದವನದೇ ಕೋಟು, ಸ್ಟುಡಿಯೋದವನದೇ ಪೌಡರು, ಹಿಂದೆ ಸ್ವಿಟ್ಜರ್‌ಲೆಂಡಿನ ಪರದೆ. ಏಳೆಂಟು ಮನೆಗೆ ಹೋದ ಆ ಫೋಟೋ ಅಷ್ಟೇ ಸಲ ಹಿಂದಕ್ಕೆ ಬಂತು. ಎಸ್ಟೇಟ್ ರೈಟರ್ ಎಂದರೆ ಹುಡುಗಿಯರು ಒಲ್ಲೆ ಎನ್ನುತ್ತಾರೆ, ಕಾಡಾನೆ ಓಡಾಡುವ ಜಾಗ ಎಂದರೆ ಅವರ ಅಪ್ಪಂದಿರು ಒಲ್ಲೆ ಎನ್ನುತ್ತಾರೆ. ಮೂತಿಯೂ ಸ್ವಲ್ಪ ಕಾರಣವಿರಬಹುದು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆನೆಯ ಮಾತು ಬಂತಲ್ಲ, ಕ್ಯಾಮೆರಾ ನನ್ನ ಕೊರಳಿಗೆ ಬಿದ್ದದ್ದೂ ಆನೆಯ ದೆಸೆಯಿಂದಲೇ. ನಮ್ಮ ತೋಟದ ಸಾವ್ಕಾರ್ರು ಹಕ್ಕಿ ಫೋಟೋ ತೆಗೆಯುತ್ತೇನೆಂದು ಅದನ್ನು ಕೊಂಡು, ಹಕ್ಕಿ ಹೇಳಿದ ಹಾಗೆ ಕೇಳುವುದಿಲ್ಲವೆಂದು ತಿಂಗಳಿಗೇ ಬೇಸರವಾಗಿ, "ತಗೊಳ್ಳಿ ರೈಟ್ರೇ, ಆನೆ ನಷ್ಟಕ್ಕೆ ಆಗುತ್ತೆ" ಎಂದು ನನಗೆ ಕೊಟ್ಟರು. ಆನೆ ಬಂದು ಹೋದ ಮರುದಿನ ತೋಟದಲ್ಲಿ ಮುರಿದ ಕಾಫಿ ಗಿಡ, ತುಳಿದ ಪೈಪು, ಬಿದ್ದ ಬೇಲಿಯ ಫೋಟೋ ತೆಗೆದು ಪರಿಹಾರದ ಅರ್ಜಿಗೆ ಲಗತ್ತಿಸುವುದು ನನ್ನ ಕೆಲಸ. ಅದಕ್ಕೊಂದು ಪದ್ಧತಿಯಿದೆ. ಬರೀ ಗಿಡದ ಫೋಟೋ ತೆಗೆದರೆ ಅದು ಗಿಡವೋ ಸೊಪ್ಪೋ ಗೊತ್ತಾಗುವುದಿಲ್ಲ. ಅಳತೆ ತಿಳಿಯಲು ಪಕ್ಕದಲ್ಲೊಬ್ಬರು ನಿಲ್ಲಬೇಕು, ನಿಂತು ನಷ್ಟದ ಕಡೆಗೆ ಬೆರಳು ತೋರಿಸಬೇಕು. ತೋಟದ ಲೈನುಮನೆಗಳ ಕೆಲಸಗಾರರು ಹಾಗೆ ನಿಂತೂ ನಿಂತೂ ಎಷ್ಟು ಪಳಗಿದ್ದರೆಂದರೆ, ನಾನು ಅವರ ಮನೆಯ ನಾಮಕರಣದ ಫೋಟೋ ತೆಗೆಯಹೋದರೂ ಮಗುವಿನ ಕಡೆಗೆ ಬೆರಳು ತೋರಿಸಿಕೊಂಡು ನಿಲ್ಲುತ್ತಿದ್ದರು.

ಮೂರು ವರ್ಷದ ಹಿಂದೆ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿತು. ಬೇರೆಯವರ ಎದೆ ಸುತ್ತಳತೆ ತೆಗೆದುಕೊಂಡೇ ಜೀವನ ಮಾಡಿದವಳು ತನ್ನದನ್ನು ಆರು ತಿಂಗಳು ನೋಡಿಕೊಂಡಿರಲಿಲ್ಲ. ಹಾಸನದಲ್ಲಿ ಆಪರೇಷನ್ ಆಯಿತು, ಆಮೇಲೆ ಆರು ತಿಂಗಳು, ಮೂರು ವಾರಕ್ಕೊಂದು ಸಲ ಸೂಜಿ. ಸೂಜಿ ಎಂದರೆ ಚುಚ್ಚಿ ಕಳಿಸುವುದಲ್ಲ; ಶರಬತ್ತಿನ ಬಣ್ಣದ ಔಷಧಿಯನ್ನು ಬಾಟಲಿಯಲ್ಲಿ ನೇತುಹಾಕಿ ಅರ್ಧ ದಿನ ಹನಿಹನಿಯಾಗಿ ಇಳಿಸುವುದು. ಭಾವ ಮೊದಲ ಸಲ ಆ ಬಾಟಲಿ ನೋಡಿ ತಲೆ ಸುತ್ತಿ ಕೂತರು. ಆದ್ದರಿಂದ ಅವಳ ಜೊತೆಗೆ ಹೋಗುವ ಕೆಲಸ ನನ್ನದಾಯಿತು.

ನನಗೇನು ಧೈರ್ಯ ಇತ್ತೆಂದು ತಿಳಿಯಬೇಡಿ. ಮೊದಲ ಸಲ ಜೊತೆಗೆ ಹೋದ ದಿನ ಆನೆ ನಷ್ಟದ ಫೋಟೋ ತೆಗೆದುಕೊಂಡು ನೇರ ಬಂದಿದ್ದರಿಂದ ಕ್ಯಾಮೆರಾ ಕೊರಳಲ್ಲೇ ಇತ್ತು. ಅಕ್ಕನ ಮುಖ ನೋಡಲಾಗದೆ ಅದನ್ನು ಕಣ್ಣಿಗೆ ಹಿಡಿದೆ. ಹಿಡಿದದ್ದೇ ತಡ, ಎದೆಬಡಿತ ತಹಬಂದಿಗೆ ಬಂತು. ಆ ಸಣ್ಣ ಕಿಂಡಿಯೊಳಗೆ ಕಾಯಿಲೆ ಇರಲಿಲ್ಲ, ಬೆಳಕು ಇತ್ತು, ನೆರಳು ಇತ್ತು, ಚೌಕಟ್ಟಿನಲ್ಲಿ ಸರಿಯಾಗಿ ಕೂರದ ಒಂದು ಬಾಟಲಿ ಇತ್ತು. ಅಭ್ಯಾಸಬಲದಿಂದ ಬಾಯಲ್ಲಿ ಬಂದೇಬಿಟ್ಟಿತು:

"ಅಕ್ಕ, ಒಸಿ ಬಾಟ್ಲಿ ಕಡೆ ಬೆಟ್ಟು ತೋರ್ಸು."

ಅವಳು ಸೂಜಿ ಹಾಕದ ಕೈ ಎತ್ತಿ ಬಾಟಲಿಯ ಕಡೆಗೆ ತೋರಿಸಿದಳು. ತೋರಿಸಿಕೊಂಡೇ, "ಯಾವ ಆಫೀಸ್‌ಗೆ ಕೊಡ್ತೀಯೋ ಇದ್ನ? ಆನೆ ಅಲ್ಲ ಕಣೋ ಇದು" ಎಂದಳು. ಪಕ್ಕದ ಹಾಸಿಗೆಯವರೂ ನಕ್ಕರು.

ಆನೆ ತುಳಿದದ್ದಕ್ಕೆ ಅರ್ಜಿ ಹಾಕಲು ಒಂದು ಕಚೇರಿಯಾದರೂ ಇದೆ. ಇದಕ್ಕೆ ಇರಲಿಲ್ಲ, ಆದರೂ ನಾನು ದಾಖಲೆ ಸಿದ್ಧಮಾಡುತ್ತ ಹೋದೆ. ಅವಳ ಮಾತ್ರೆ, ಅವಳ ಕಪ್ಪಗಾದ ಉಗುರು, ಅರ್ಧ ಕುಡಿದು ಬಿಟ್ಟ ಗಂಜಿಯ ಲೋಟ, ದಿಂಬಿನ ಮೇಲೆ ಉದುರಿದ ಕೂದಲು. ಕೂದಲು ಪೂರ್ತಿ ಹೋದಾಗ ಅವಳು ಗಿರಾಕಿಗಳ ರವಿಕೆ ಬಟ್ಟೆಯಲ್ಲಿ ಉಳಿದ ಚೂರುಗಳಿಂದ ಟೋಪಿ ಹೊಲಿದುಕೊಂಡಳು. ಊರಿನ ಯಾವ ಹೆಂಗಸಿನ ಸೀರೆಗಾದರೂ ಹೊಂದುವ ಒಂದೊಂದು ಟೋಪಿ ಅವಳ ಹತ್ತಿರ ಇತ್ತು. ಅವನ್ನೂ ಸಾಲಾಗಿಟ್ಟು ತೆಗೆದೆ. ನೋಡಿದವರು "ಎಂಥಾ ತಮ್ಮ, ಎಷ್ಟು ಹಚ್ಕಂಡವ್ನೆ" ಎಂದು ಹೊಗಳುತ್ತಿದ್ದರು. ನಾನೂ ನಂಬಿದ್ದೆ.

ನಡುವೆ ಒಂದು ತೊಡಕಿತ್ತು. ನಾನು ಬಾಳ್ಳುಪೇಟೆಯ ಮನೆಗೆ ಹೋದಾಗಲೆಲ್ಲ ಅಕ್ಕ, ಯಾರೂ ಇಲ್ಲದ ಹೊತ್ತು ನೋಡಿ, "ಇಲ್ಲಿ ಬಾರೋ, ನಿನ್ಹತ್ರ ಒಂದು ಮಾತು ಹೇಳ್ಬೇಕು" ಎನ್ನುತ್ತಿದ್ದಳು. ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು, ಅಂದರೆ ಗೊತ್ತಿದೆ ಅಂದುಕೊಂಡಿದ್ದೆ. ಭಾವನ ಊಟದ ವಿಚಾರ, ಯಂತ್ರ ಯಾರಿಗೆ ಕೊಡುವುದು, ನನಗಿನ್ನೂ ಹೆಣ್ಣು ಸಿಕ್ಕೀತೇ, ತಾನಿಲ್ಲದ ಮೇಲೆ ಹಾಗೆ ಮಾಡು ಹೀಗೆ ಮಾಡು. ಕೇಳಿಸಿಕೊಂಡರೆ ಒಪ್ಪಿಕೊಂಡ ಹಾಗೆ. ಆದ್ದರಿಂದ ತಕ್ಷಣ ಕ್ಯಾಮೆರಾ ಎತ್ತುತ್ತಿದ್ದೆ. "ಒಂಚೂರು ಕಿಟಕಿ ಕಡೆ ತಿರುಗು ಅಕ್ಕ, ಬೆಳಕು ಚೆನ್ನಾಗೈತೆ." ಅವಳು ತಿರುಗುತ್ತಿದ್ದಳು. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆ ಆರು ತಿಂಗಳಲ್ಲಿ ಆ ಕಿಟಕಿಯ ಬೆಳಕನ್ನು ನಾನು ಹೊಗಳಿದಷ್ಟು ಯಾವ ಮಹಾ ಕಲಾವಿದನೂ ಹೊಗಳಿರಲಾರ.

ಇನ್ನು ಆ ಸೋಮವಾರದ ಕತೆ. ಅದಕ್ಕೆ ಮುಂಚೆ ನಮ್ಮ ಜನದ ಒಂದು ಪದ್ಧತಿ ಹೇಳಬೇಕು. ನಮ್ಮ ಶಿವಭಕ್ತರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ, ಕಾಲು ಮಡಿಸಿ ಕೂರಿಸುತ್ತೇವೆ. ಹಣೆ ತುಂಬ ವಿಭೂತಿ, ಹೆಗಲಿಗೆ ಬಿಳಿ ಶಲ್ಯ, ಕೊರಳಿಗೆ ಹಾರ. ಮಣ್ಣಿಗೆ ಒಯ್ಯುವ ಮುಂಚೆ ಒಂದು ಫೋಟೋ ತೆಗೆಸುತ್ತೇವೆ. ಹಿಂದೆ ಸ್ಟುಡಿಯೋದವರು ಬರುತ್ತಿದ್ದರು, ಈಗ ಅವರವರ ಮೊಬೈಲು. ದೂರದ ನೆಂಟರಿಗೆ ಆ ಫೋಟೋ ಕಳಿಸಿದರೆ ಸಾಕು, ಬೇರೆ ಬರೆಯಬೇಕಾದ್ದಿಲ್ಲ, ವಿಷಯ ತಿಳಿಯುತ್ತದೆ.

ಇಷ್ಟೆಲ್ಲ ಹುಟ್ಟಿನಿಂದ ನೋಡಿಕೊಂಡು ಬಂದವನು ನಾನು. ಆ ಸೋಮವಾರ ಅಕ್ಕ ಸ್ನಾನ ಮಾಡಿ, ಪೂಜೆ ಮುಗಿಸಿ, ಕೂದಲಿಲ್ಲದ ತಲೆಯವರೆಗೂ ವಿಭೂತಿ ಹಚ್ಚಿಕೊಂಡಿದ್ದಳು. ಚಳಿ ಎಂದು ಭಾವನ ಬಿಳಿ ಶಲ್ಯ ಹೊದ್ದಿದ್ದಳು. ಹೊಟ್ಟೆ ತೊಳೆಸಿ, ಗೋಡೆಗೆ ಒರಗಿ, ಕಾಲು ಮಡಿಸಿ ಕಣ್ಣು ಮುಚ್ಚಿ ಕೂತಳು. ಗೋಡೆಯ ಮೇಲಿನ ಗುರುಗಳ ಪಟದಿಂದ ಸೇವಂತಿಗೆ ಹಾರ ಸರಿಯಾಗಿ ಅವಳ ಭುಜದವರೆಗೆ ಇಳಿಬಿದ್ದಿತ್ತು. ಕಿಟಕಿಯ ಬೆಳಕಂತೂ ಕೇಳಬೇಡಿ. ನನ್ನ ಜನ್ಮದಲ್ಲಿ ಅಷ್ಟು ಶಾಂತವಾದ ಫೋಟೋ ಇನ್ನೊಂದು ಬಂದಿಲ್ಲ. ಕ್ಯಾಮೆರಾದಿಂದ ಮೊಬೈಲಿಗೆ ಇಳಿಸಿಕೊಂಡು, ಹೆಮ್ಮೆ ತಾಳಲಾರದೆ, ನಮ್ಮ ನೆಂಟರಿಷ್ಟರ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗೆ ಒಂದು ಅಕ್ಷರ ಬರೆಯಲಿಲ್ಲ. ಕಲೆಗೆ ಮಾತು ಯಾಕೆ ಎಂಬ ಗರ್ವ. ಅಕ್ಕ ಮಾತ್ರೆ ನುಂಗಿ ಮಲಗಿದಳು, ಭಾವ ಅಂಗಡಿಯಲ್ಲಿದ್ದರು, ನಾನು ಹೆಲ್ಮೆಟ್ ಹಾಕಿಕೊಂಡು ಬೈಕ್ ಹತ್ತಿ ವನಗೂರಿಗೆ ಹೊರಟೆ.

ವನಗೂರಿಗೆ ಎರಡು ಮೈಲಿ ಇರುವಾಗ ಒಂದು ತಿರುವಿದೆ. ಅದರಾಚೆಗೆ ಫೋನು ಸತ್ತಂತೆಯೇ, ಆದ್ದರಿಂದ ಎಲ್ಲರೂ ಅಲ್ಲಿ ನಿಂತು ಒಮ್ಮೆ ನೋಡಿಕೊಂಡು ಹೋಗುತ್ತಾರೆ. ನಾನೂ ನಿಂತೆ. ಗುಂಪಿನಲ್ಲಿ ಅಕ್ಕನ ಫೋಟೋದ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. 'ಓಂ ಶಾಂತಿ.' 'ಶಿವ ಕರೆದುಕೊಂಡ.' 'ಮಾತು ಒರಟು, ಮನಸ್ಸು ಬೆಣ್ಣೆ.' 'ಎಷ್ಟು ಹೊತ್ತಿಗೆ ಎತ್ತುತ್ತೀರಿ?'

ನಗಬೇಡಿ. ಇಲ್ಲ, ನಗಿ, ನಾನೇ ನಗಿಸಲು ಹೇಳುತ್ತಿದ್ದೇನೆ. ಆದರೆ ಅವತ್ತು ನನಗೆ ಬಂದ ಯೋಚನೆ ಒಂದೇ: ನಾನು ಹೊರಟ ಮೇಲೆ ಅಕ್ಕ ಹೋಗಿಬಿಟ್ಟಳು. ನನ್ನ ಫೋಟೋ ನೋಡಿ ತಪ್ಪು ತಿಳಿದಿದ್ದಾರೆ ಎಂಬುದು ಹೊಳೆಯಲೇ ಇಲ್ಲ. ಅಕ್ಕನಿಗೆ ಮಾಡಿದೆ, ಎತ್ತಲಿಲ್ಲ. ಭಾವನಿಗೆ ಮಾಡಿದೆ, ಎತ್ತಲಿಲ್ಲ. ಆಲೂರಿನ ಚಿಕ್ಕಪ್ಪನಿಗೆ ಮಾಡಿದರೆ ಅವರು ಗಾಡಿಯ ಸದ್ದಿನ ನಡುವೆ, "ಹೊರಟಿದ್ದೀವಿ ಕಣಪ್ಪ, ದಾರೀಲಿದ್ದೀವಿ, ಧೈರ್ಯ ತಗೋ" ಎಂದು ಇಟ್ಟುಬಿಟ್ಟರು.

ಬೈಕ್ ತಿರುಗಿಸಿದೆ. ಬಾಳ್ಳುಪೇಟೆ ತಲುಪಲು ಒಂದೂವರೆ ಗಂಟೆ. ಹೆಲ್ಮೆಟ್ಟಿನ ಒಳಗೆ ಗಟ್ಟಿಯಾಗಿ ಅಳುತ್ತ ಹೋದೆ. ಅವಳು ಹೇಳಬೇಕೆಂದಿದ್ದ ಆ ಒಂದು ಮಾತು ಇನ್ನು ಯಾರ ಹತ್ತಿರ ಕೇಳಲಿ? ಆರು ತಿಂಗಳು ಎದುರಿಗೇ ಕೂತಿದ್ದಳು, ಹೋದಾಗಲೆಲ್ಲ ಕರೆದಿದ್ದಳು, ನಾನು ಕಿಟಕಿ ಕಡೆ ತಿರುಗಿಸಿ ಕೂರಿಸಿದ್ದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ ಎಂದು ಸಕಲೇಶಪುರದ ಪೇಟೆ ದಾಟುವಾಗ ಬಾಯಿಬಿಟ್ಟೇ ಅಂದೆ.

ಅಷ್ಟರಲ್ಲಿ ಬಾಳ್ಳುಪೇಟೆಯಲ್ಲಿ ನಡೆದದ್ದನ್ನು ಭಾವ ಆಮೇಲೆ ಹೇಳಿದರು. ಆ ದಿನ ಅವರೂ ಹತ್ತು ಮಾತು ಮೀರಿದರು. ಚಿಕ್ಕಪ್ಪ ಆಲೂರಿನಿಂದ ಒಂದು ಟೆಂಪೋ ಜನ ತುಂಬಿಕೊಂಡು, ಆಳುದ್ದದ ಹಾರ ಹಿಡಿದು ಬಂದಿಳಿದಿದ್ದರು. ಹೆಂಗಸರು ಬೀದಿಯಿಂದಲೇ ಅಳು ಶುರುಮಾಡಿದ್ದರು. ಸದ್ದಿಗೆ ನಿದ್ದೆ ತಿಳಿದ ಅಕ್ಕ ಟೋಪಿ ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದು, ಎಲ್ಲರೂ ಅಳುವುದು ನೋಡಿ ಗಾಬರಿಯಾಗಿ ಕೇಳಿದಳಂತೆ:

"ಅಯ್ಯೋ ಶಿವನೇ, ಯಾರು ಹೋದ್ರು ಚಿಕ್ಕಪ್ಪ?"

"ನೀನೇ ಕಣವ್ವ!" ಎಂದರಂತೆ ಚಿಕ್ಕಪ್ಪ, ಹಾರ ಹಿಡಿದುಕೊಂಡೇ.

ನಾನು ಹೋದಾಗ ಬಾಗಿಲ ತುಂಬ ಚಪ್ಪಲಿ. ಒಳಗೆ ನೋಡಿದರೆ ಬಿಳಿ ಪಂಚೆಯವರೆಲ್ಲ ಸಾಲಾಗಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದಾರೆ. ಸಾವಿನ ಮನೆಗೆ ಹೊರಟವರು, ಪಾಪ, ಒಬ್ಬರೂ ಉಂಡು ಬಂದಿರಲಿಲ್ಲ. ನಡುವೆ ಅಕ್ಕ ಮೊಬೈಲು ಹಿಡಿದು ತನ್ನ ಶ್ರದ್ಧಾಂಜಲಿಗಳನ್ನು ಒಂದೊಂದಾಗಿ ಓದಿ ವಿಚಾರಣೆ ಮಾಡುತ್ತಿದ್ದಳು.

"ಮಾತು ಒರಟು, ಮನಸ್ಸು ಬೆಣ್ಣೆ ಅಂತೆ. ಬದುಕಿದ್ದಾಗ ಒಂದಿನ ಬೆಣ್ಣೆ ಅಂದಿದ್ಯೇನೆ ಮುಂಡೇದೇ? ಇನ್ನೊಂದು ಸೌಟು ಹಾಕ್ಕೋ."

"ಹಾರ ತಂದ್ಬುಟ್ಟಿದ್ದೀನಿ, ಇದ್ನೇನ್ ಮಾಡ್ಲವ್ವ?" ಚಿಕ್ಕಪ್ಪನ ಚಿಂತೆ ಅದೇ.

"ತರಿಸ್ದೋನಿಗೇ ಹಾಕಿ, ಬಂದ ನೋಡಿ" ಎಂದಳು ನನ್ನನ್ನು ಕಂಡು. ಚಿಕ್ಕಪ್ಪ ನಿಜವಾಗಿಯೂ ಎದ್ದು ಬಂದು, "ಏನ್ಲಾ ರೈಟ್ರೇ, ಬುದ್ಧಿ ಐತೇನ್ಲಾ ನಿಂಗೆ" ಎಂದು ಬೈಯುತ್ತ ಹಾರವನ್ನು ನನ್ನ ಕೊರಳಿಗೆ ಹಾಕಿಬಿಟ್ಟರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಹೊಸಿಲ ಮೇಲೆ ಕೂತು, ಒಂದು ಕೊರಳಲ್ಲಿ ಹಾರ ಮತ್ತು ಕ್ಯಾಮೆರಾ ಎರಡನ್ನೂ ಹೊತ್ತುಕೊಂಡು, ಬಿಕ್ಕಿ ಬಿಕ್ಕಿ ಅತ್ತೆ. ಅವಳು ಬದುಕಿದ್ದಾಳೆ ಎಂಬ ಸಂತೋಷಕ್ಕೆ.

ದೀಪ ಹಚ್ಚುವ ಹೊತ್ತಿಗೆ ಟೆಂಪೋ ಹೋಯಿತು. ಭಾವ ಪಾತ್ರೆ ತೊಳೆಯುತ್ತಿದ್ದರು. ಅಕ್ಕ ಚಾಪೆಯ ಮೇಲೆ ಕೂತು ನನ್ನನ್ನು ಕರೆದಳು. ಈ ಸಲ ಓಡಬಾರದು ಎಂದು ಹೊಸಿಲ ಮೇಲೆ ಅಳುವಾಗಲೇ ಆಣೆ ಮಾಡಿಕೊಂಡಿದ್ದೆ. ಹೋಗಿ ಎದುರು ಕೂತೆ.

"ಎಲ್ಲ ಬಂದು ಅತ್ರು ಕಣೋ ಇವತ್ತು. ಎಲ್ರಿಗೂ ಸಮಾಧಾನ ನಾನೇ ಹೇಳ್ದೆ. ನಂಗೆ ಯಾರು ಹೇಳ್ತಾರೆ?" ಸ್ವಲ್ಪ ಹೊತ್ತು ಬೆರಳಿನ ಕಪ್ಪು ಉಗುರು ನೋಡಿಕೊಂಡಳು. "ನಿಂಗೆ ಒಂದು ಮಾತು ಹೇಳ್ಬೇಕು ಅಂತಿದ್ನಲ್ಲ. ಏನೂ ಇಲ್ಲ. ನಂಗೆ ಭಯ ಆಗ್ತೈತೆ ಕಣೋ. ಬಾಳ ಭಯ ಆಗ್ತೈತೆ."

ಇಷ್ಟೇ. ಯಂತ್ರವೂ ಅಲ್ಲ, ಭಾವನ ಊಟವೂ ಅಲ್ಲ. ನನ್ನನ್ನು ಬಡಿದು ಬೆಳೆಸಿದವಳು, ಇಡೀ ಊರಿನ ಹೆಂಗಸರನ್ನು ಹೆದರಿಸಿಟ್ಟವಳು, ಕೆಳತುಟಿ ನಡುಗಿಸಿಕೊಂಡು ನನ್ನೆದುರು ಕೂತಿದ್ದಳು. ಮತ್ತು ನಾನು, ಹೇಗೆ ಹೇಳಲಿ, ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದವು. ಕ್ಯಾಮೆರಾ ಕಣ್ಣಿಗೆ ಬಂತು. ಬೆರಳು ಒತ್ತಿತು.

ಕ್ಲಿಕ್ ಎಂದ ಸದ್ದು ಅಡುಗೆಮನೆಯ ಪಾತ್ರೆ ಸದ್ದಿಗಿಂತ ಜೋರಾಗಿ ಕೇಳಿತು. ಅಕ್ಕ ನನ್ನನ್ನು ನೋಡಿದಳು.

"ಚೆನ್ನಾಗಿ ಬಂತೇನೋ?"

ನಾನು, ಮಹಾಮೂರ್ಖ, ಹಿಂದಿನ ಪರದೆಯಲ್ಲಿ ನೋಡಿ ಉತ್ತರ ಕೊಟ್ಟೆ. "ಒಸಿ ಅಲ್ಲಾಡೈತೆ ಅಕ್ಕ."

"ಹಂಗಾರೆ ಇನ್ನೊಂದು ತೆಗಿ" ಎಂದು, ನೆಲಕ್ಕೆ ಕೈ ಊರಿ ಎದ್ದು, ದೇವರಿಗೆ ದೀಪ ಹಚ್ಚಲು ಹೋದಳು.

ಅದೇ ವಾರ ಕ್ಯಾಮೆರಾ ಅಕ್ಕಿಯೊಳಗೆ ಹೋಯಿತು. ಬೂಷ್ಟು ಒಂದು ನೆಪ. ಆನೆ ನಷ್ಟಕ್ಕೆ ಮೊಬೈಲೇ ಸಾಕಾಯಿತು. ಸೂಜಿ ಮುಗಿದವು, ಕೂದಲು ಗುಂಗುರು ಗುಂಗುರಾಗಿ ಹುಟ್ಟಿತು, ಡಾಕ್ಟರು ಚೆನ್ನಾಗಿದ್ದೀರಿ ಅಂದರು. ಅಕ್ಕ ಆ ಸಂಜೆಯ ಮಾತು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಾರದ ಕತೆಯನ್ನು ಮಾತ್ರ ಮದುವೆ ಮುಂಜಿಗಳಲ್ಲಿ ಇಬ್ಬರೂ ಸೇರಿ ಹೇಳಿ ನಗಿಸುತ್ತಿದ್ದೆವು. ನಗಿಸುವುದರಲ್ಲಿ ನಾವು ಗಟ್ಟಿಗರು. ಎರಡು ವರ್ಷ ಹೀಗೆ ಕಳೆಯಿತು, ಕಳೆದೇ ಹೋಯಿತು ಎಂದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ಬನಿಯನ್ ಬಿಚ್ಚಿ, ಬ್ಯಾಟರಿ ಹಾಕಿ, ಕೊರಳಿಗೂ ಹಾಕಿಕೊಂಡೆ. ಬೈಕಿನವರೆಗೆ ಹೋದೆ. ಅಲ್ಲಿಂದ ವಾಪಸ್ ಬಂದು ಮೇಜಿನ ಮೇಲಿಟ್ಟು ಬರಿಗೊರಳಲ್ಲಿ ಹೊರಟೆ. ಶೌರ್ಯವೇನಲ್ಲ, ಇನ್ನೊಮ್ಮೆ ಅಲ್ಲಾಡಿದರೆ ಎಂಬ ಹೆದರಿಕೆ.

ಅಕ್ಕ ಯಂತ್ರದ ಮುಂದೆ ಕೂತಿದ್ದಳು. ಕೂದಲು ಇನ್ನೂ ಇದ್ದ ತಲೆಯ ಅಳತೆಗೆ ಮುಂಚಿತವಾಗಿ ಒಂದು ಹಳದಿ ಟೋಪಿ ಹೊಲಿಯುತ್ತಿದ್ದಳು. ನನ್ನ ಎದೆಯ ಕಡೆ ನೋಡಿ, "ಎಲ್ಲೋ ನಿನ್ನ ಡಬ್ಬ? ತರಾಕೆ ಹೇಳಿದ್ನಲ್ಲ" ಎಂದಳು.

"ತಂದಿಲ್ಲ."

"ಯಾಕೆ, ಕೆಟ್ಟೋಯ್ತಾ?"

"ಇಲ್ಲ." ಏನೂ ಆಗಲ್ಲ ಅಕ್ಕ, ಈಗ ಒಳ್ಳೊಳ್ಳೆ ಔಷಧಿ ಬಂದಿವೆ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅವಳ ಮುಖ ನೋಡಿದೆ. ವಿಷಯ ತಿಳಿದ ಒಂದೇ ದಿನದಲ್ಲಿ ಕಣ್ಣುಗಳು ಒಳಕ್ಕೆ ಹೋಗಿದ್ದವು. ಬಾಯಿಪಾಠ ಒಂದೂ ಬರಲಿಲ್ಲ. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಯಂತ್ರದ ಅಂಚು ಹಿಡಿದುಕೊಂಡೆ.

"ಅಕ್ಕ, ನಂಗೆ ಭಯ ಆಗ್ತೈತೆ. ಅವತ್ತೂ ಆಗಿತ್ತು."

ಪೆಡಲ್ ನಿಂತಿತು. ಬೈಯುತ್ತಾಳೆ ಅಂದುಕೊಂಡೆ. ಅವಳು ದಾರ ಕಚ್ಚಿ ಕತ್ತರಿಸಿ, ಟೋಪಿಯನ್ನು ಪಕ್ಕಕ್ಕಿಟ್ಟು, ಸ್ಟೂಲು ಎಳೆದು ಕೂರು ಎನ್ನುವಂತೆ ತಟ್ಟಿದಳು. ನಾನು ಕೂತ ಮೇಲೆ ಉದ್ದಕ್ಕೆ ಉಸಿರು ಬಿಟ್ಟಳು.

"ಸದ್ಯ ಕಣೋ" ಎಂದಳು. "ನಂಗೊಬ್ಳಿಗೇ ಅಂದ್ಕಂಡಿದ್ದೆ."